ಸೋಮವಾರ ಹೂಡದ ಕಾರು

ಆ ಸೋಮವಾರ ನಾನು ಎದ್ದು ಕಣ್ಣುಜ್ಜಿಕೊಳ್ಳುತ್ತ ಕೊಟ್ಟಿಗೆಗೆ ಬರುವಷ್ಟರಲ್ಲಿ ಅವ್ವ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿಗೆ ಕಿಡಿ ಕೊಡುವ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಒಂದು ಹಳೆಯ ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡಿದ್ದಳು. ಚನ್ನಗಿರಿಯ ಕೋಟೆ ಗುಡ್ಡದ ಬುಡದ ಬೀದಿಯಲ್ಲಿ ನಮ್ಮ ಮನೆ. ಬಿಸಿಲು ಇನ್ನೂ ಗುಡ್ಡದ ಆಚೆಗೇ ಇತ್ತು. ಬಚ್ಚಲ ಒಲೆಗೆ ಉರಿ ಹಾಕಿ, ಅಡುಗೆಮನೆಯಲ್ಲಿ ಹಾಲು ಕಾಯಲು ಇಟ್ಟು, ಆ ಎರಡರ ನಡುವೆ ಸಿಗುವ ಹೊತ್ತಿನಲ್ಲಿ ಅವಳು ಈ ಕೆಲಸ ಮಾಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೈಕಲ್ ಪಂಪಿನಿಂದ ಪ್ಲಗ್ಗಿನ ಸುತ್ತಲಿನ ದೂಳು ಊದಿ, ಆಮೇಲೆ ಪಾನಾ ಹಾಕುತ್ತಿದ್ದಳು. ಹಾಲು ಉಕ್ಕಿದ ವಾಸನೆ ಬಂದರೆ ಪಾನಾವನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು. ಅವತ್ತೂ ಹಾಲು ಉಕ್ಕಿತು, ಅವತ್ತೂ ಓಡಿದಳು. ಅಂಥ ಸೋಮವಾರ ಮತ್ತೆ ಬರಲಿಲ್ಲ ಎಂದು ಈಗ ಗೊತ್ತಿರುವುದರಿಂದ, ಅದರಲ್ಲಿ ಏನಾದರೂ ಬೇರೆ ಇತ್ತೇ ಎಂದು ಹುಡುಕಿ ನೋಡುತ್ತೇನೆ. ಏನೂ ಇರಲಿಲ್ಲ.

ಕಾರು ನಿಲ್ಲುತ್ತಿದ್ದದ್ದು ಮೊದಲು ಎತ್ತುಗಳು ನಿಲ್ಲುತ್ತಿದ್ದ ಜಾಗದಲ್ಲಿ. ಮೂತಿ ಗೋದಲಿಯ ಕಡೆಗೆ. ಎತ್ತುಗಳು ಮೇವು ತಿಂದು ನುಣುಪಾಗಿದ್ದ ಆ ಗೋದಲಿಯಲ್ಲಿ ಈಗ ಪಾನಾ, ಜಾಕು, ಹಳೆಯ ಟ್ಯೂಬು, ಎಣ್ಣೆ ಡಬ್ಬಿ ಇರುತ್ತಿದ್ದವು. ಅಜ್ಜನಿಗೆ ಮೈಯಲ್ಲಿ ಕಸುವು ಕಮ್ಮಿಯಾದಾಗ ಹೊಲವನ್ನು ಪಾಲಿಗೆ ಕೊಟ್ಟು, ಎತ್ತು ಮಾರಿ, ಅಪ್ಪನಿಗೆ ಬಾಡಿಗೆ ಓಡಿಸಲು ಈ ಪೆಟ್ರೋಲ್ ಕಾರನ್ನು ಕೊಡಿಸಿದ್ದ. ಎತ್ತು ಹೋದರೂ ಎತ್ತಿನ ಕಟ್ಟಳೆ ಹೋಗಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರ, ಅವತ್ತು ಅವಕ್ಕೆ ಬಿಡುವು. ಆ ಜಾಗದಲ್ಲಿ ನಿಂತ ಮೇಲೆ ಕಾರಿಗೂ ಅದೇ ಎಂದು ಅಜ್ಜ ತೀರ್ಮಾನ ಮಾಡಿದ್ದ. ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಬಂದು ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಅಪ್ಪನಿಗೆ ಇದು ಸುತರಾಂ ಆಗುತ್ತಿರಲಿಲ್ಲ. ಬಾಡಿಗೆ ಕೇಳಿಕೊಂಡು ಬರುವವರೂ ಸರಿಯಾಗಿ ಸೋಮವಾರವೇ ಬರುತ್ತಿದ್ದರು. ಆ ದಿನವೂ ಉಬ್ರಾಣಿಯವರೊಬ್ಬರು ಬಂದು ಜಗಲಿಯ ಮೇಲೆ ಕೂತರು.

“ಹೆಣ್ಣು ನೋಡಾಕೆ ಹೊಂಟೀವಿ ಯಜಮಾನ್ರೆ, ಹೊನ್ನಾಳಿಗೆ. ಕಾರು ಬೇಕಾಗಿತ್ತು.”

“ಇವತ್ತು ಸೋಮಾರ. ನಮ್ಮನೇಲಿ ಹೂಡಾದಿಲ್ಲ,” ಅಂದ ಅಜ್ಜ.

“ಹೂಡಾಕೆ ಅದೇನು ಎತ್ತೇನ್ರೀ?”

“ಎತ್ತಾಗಿದ್ರೆ ಕತ್ತು ಒದರಿ ತಾನೇ ಒಲ್ಲೆ ಅಂತಿತ್ತು. ಪಾಪ, ಇದಕ್ಕೆ ಒದರಾಕೆ ಕತ್ತಿಲ್ಲ. ಅದಕ್ಕೇ ನಾ ಹೇಳ್ತೀನಿ.”

“ಅಪ್ಪಾ, ಪೆಟ್ರೋಲ್ ಕುಡಿಯೋ ಗಾಡಿಗೆ ಯಾವ ವಾರನಪ್ಪಾ?” ಅಪ್ಪ ಹಲ್ಲು ಕಚ್ಚಿಕೊಂಡು ಕೇಳಿದ. “ಬಸ್‌ಸ್ಟ್ಯಾಂಡಿನಾಗೆ ನಿಂತಿರೋ ಗಾಡಿಯೋರೆಲ್ಲ ಸೋಮಾರ ಅಂತ ಮನೇಲಿ ಮಲಗ್ಯಾರಾ?”

“ಅವರಪ್ಪ ಎತ್ತು ಕಟ್ಟಿರಲಿಲ್ಲ, ನಿಮ್ಮಪ್ಪ ಕಟ್ಟಿದ್ದ.”

ಇಷ್ಟು ಹೊತ್ತಿಗೆ ಒಳಗಿನಿಂದ ಅವ್ವನ ಮಾತು ಬಂತು. ಅದು ಯಾವಾಗಲೂ ಇದೇ ಹೊತ್ತಿಗೆ ಬರುತ್ತಿತ್ತು.

“ಏನ್ರೀ, ಪ್ಲಗ್ಗು ಬಿಚ್ಚಿ ಆಗೈತ್ರೀ. ನಾಳೆ ಬೆಳಗಾಗ ಬರ್ರಿ ಅನ್ರಿ ಅವರಿಗೆ. ಅಷ್ಟರಾಗ ಒಂದು ಲೋಟ ಚಾ ಕುಡೀಲಿ.”

ಅಲ್ಲಿಗೆ ಜಗಳ ನಿಂತಿತು. ಬಿಚ್ಚಿದ ಕಾರಿನ ಮೇಲೆ ಯಾರು ಏನು ವಾದ ಮಾಡುತ್ತಾರೆ? ಅವ್ವ ಸೋಮವಾರ ನಸುಕಿನಲ್ಲೇ ಪ್ಲಗ್ಗು ಬಿಚ್ಚುತ್ತಿದ್ದದ್ದು ಅದಕ್ಕೇ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಜ್ಜನ ಮಾತನ್ನು ಅಪ್ಪ ಮೀರಿದ ಹಾಗೂ ಆಗಬಾರದು, ಅಪ್ಪ ಅಜ್ಜನಿಗೆ ಸೋತ ಹಾಗೂ ಆಗಬಾರದು. ವಾರವಾರ ಪ್ಲಗ್ಗು ಬಿಚ್ಚಿ ಒರೆಸುವಷ್ಟು ಕೊಳೆ ಯಾವ ಕಾರಿಗೂ ಆಗುವುದಿಲ್ಲ.

ಅವಳಿಗೆ ಈ ಕೆಲಸ ಬಂದದ್ದು ತವರಿನಿಂದ. ನ್ಯಾಮತಿಯಲ್ಲಿ ಅವಳ ಅಪ್ಪನ ತೋಟದಲ್ಲಿ ಸೀಮೆಎಣ್ಣೆಯ ಪಂಪು ಇತ್ತಂತೆ, ಅದಕ್ಕೊಂದು ಪ್ಲಗ್ಗು. ಅದು ಹಟ ಹಿಡಿದಾಗಲೆಲ್ಲ ಬಿಚ್ಚಿ, ಉಜ್ಜಿ, ಹಾಕುವುದು ಮನೆಯ ಹೆಣ್ಣುಮಕ್ಕಳಲ್ಲಿ ಯಾರ ಕೈ ಖಾಲಿ ಇರುತ್ತದೋ ಅವರ ಪಾಲಿಗೆ. ಒಂದು ಬರುವವಳಿಗೆ ನಾಲ್ಕು ಏನು ಕಷ್ಟ ಎನ್ನುತ್ತಿದ್ದಳು. ಅಪ್ಪ ಎಂಥ ಕತ್ತಲ ದಾರಿಯಲ್ಲೂ ಕಾರು ಓಡಿಸುತ್ತಿದ್ದ, ಆದರೆ ಬಾನೆಟ್ಟಿನ ಕೆಳಗೆ ಕೈ ಹಾಕುತ್ತಿರಲಿಲ್ಲ. ಕಾರಿನ ಹೊರಗಿನದು ತನ್ನದು, ಒಳಗಿನದು ಅವಳದು ಎಂದುಕೊಂಡಿದ್ದನೋ ಏನೋ.

ಆ ಸೋಮವಾರ ಹೊಸ ಪ್ಲಗ್ಗುಗಳನ್ನು ಹಾಕುವುದಿತ್ತು. ಅಪ್ಪ ದಾವಣಗೆರೆಯಿಂದ ತಂದಿದ್ದ. ಒಂದೊಂದಕ್ಕೂ ಒಂದೊಂದು ರಟ್ಟಿನ ಪೆಟ್ಟಿಗೆ. ಖಾಲಿ ಪೆಟ್ಟಿಗೆಗಳು ನನಗೆ ಎಂದು ಮೊದಲೇ ಮಾತಾಗಿತ್ತು. ಮಧ್ಯಾಹ್ನದ ಅಡುಗೆಗೆ ಮುಂಚೆ ಅವ್ವ ಮತ್ತೆ ಕೊಟ್ಟಿಗೆಗೆ ಬಂದಳು. ಬಿಚ್ಚಿದ್ದ ಹಳೆಯವನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತೋರಿಸಿದಳು.

“ನೋಡು ಗಿರ್ಜಿ, ತುದಿ ಹಿಂಗೆ ಕಂದು ಬಣ್ಣ ಇದ್ರೆ ಹೊಟ್ಟೆ ಸರಿ ಐತೆ ಅಂತ. ಕರ್ರಗೆ ಮಸಿ ಹಿಡಿದಿದ್ರೆ ಅಜೀರ್ಣ. ನಿಮ್ಮಣ್ಣ ಈಶ ಜಾತ್ರಿಯಿಂದ ಬಂದಂಗೆ.”

ಹೊಸ ಪ್ಲಗ್ಗಿನ ತುದಿಯಲ್ಲಿ ಇರಬೇಕಾದ ಸಣ್ಣ ಸಂದನ್ನು ಗರಗಸದ ಬ್ಲೇಡಿನ ತುಂಡೊಂದನ್ನು ತೂರಿಸಿ ನೋಡಿದಳು. ಬ್ಲೇಡು ಹೋಗಬೇಕು, ಆದರೆ ಮುಟ್ಟಿಕೊಂಡು ಹೋಗಬೇಕು. ಆಮೇಲೆ ಒಂದನ್ನು ನನ್ನ ಕೈಗೆ ಕೊಟ್ಟಳು.

“ಮೊದಲು ಬೆರಳಿನಾಗೆ ತಿರುವು. ಬೆರಳಿಗೆ ಹೋಗದೇ ಇದ್ದದ್ದನ್ನ ಪಾನಾ ಹಾಕಿ ನೂಕಬಾರ್ದು, ಒಳಗಿನ ಸುತ್ತು ಕೆಡ್ತೈತೆ. ಹಾಂ, ಹಂಗೆ. ಮತ್ತೆ ಬಿಚ್ಚೋವಾಗ ತಂತಿ ಹಿಡಿದು ಎಳೀಬಾರ್ದು, ತುದೀಲಿರೋ ರಬ್ಬರ್ ಟೋಪಿ ಹಿಡಿದು ಎಳೀಬೇಕು. ಜಡೆ ಹಿಡಿದು ಎಳೆದ್ರೆ ನಿಂಗೆ ನೋಯಲ್ವಾ?”

ಎಂಜಿನ್ನಿನ ಪಕ್ಕದಲ್ಲಿ ಕಪ್ಪು ಬಣ್ಣದ ಗುಂಡಗಿನ ಮುಚ್ಚಳವೊಂದಿತ್ತು. ಅದರ ಸುತ್ತ ನಾಲ್ಕು ಮೂತಿ. ಒಂದೊಂದರಿಂದ ಒಂದೊಂದು ತಂತಿ ಹೊರಟು ಒಂದೊಂದು ಪ್ಲಗ್ಗಿಗೆ ಹೋಗುತ್ತಿತ್ತು. ಆ ತಂತಿಗಳ ಮೂಲಕವೇ ಪ್ಲಗ್ಗಿಗೆ ಕಿಡಿ. ಹಳೆಯ ತಂತಿಗಳು ಸೀಳು ಬಿಟ್ಟಾಗ ಅವ್ವ ನಾಲ್ಕನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ಹಾಕಿದ್ದಳು, ಹಾಗಾಗಿ ನೋಡಲು ಎಲ್ಲ ಒಂದೇ.

“ಯಾವ ತಂತಿ ಯಾವುದಕ್ಕೆ ಅಂತ ಹೆಂಗೆ ಗೊತ್ತಾಗ್ತೈತವ್ವಾ?”

“ಉಣ್ಣಾಕೆ ನೀಡೋ ಹಂಗೆ. ಈ ಗೋದಲಿ ಕಡೆಯಿಂದ ನೋಡು. ಈ ನಾಕು ಪ್ಲಗ್ಗು ಅಂದ್ರೆ ಸಾಲಾಗಿ ಕುಂತಿರೋ ನಾಕು ಜನ. ಅಜ್ಜ, ನಿಮ್ಮಪ್ಪ, ಈಶ, ನೀನು. ನಾ ಮೊದಲು ಯಾರಿಗೆ ನೀಡ್ತೀನಿ?”

“ಅಜ್ಜಂಗೆ.”

“ಆಮೇಲೆ?”

“ಅಣ್ಣಂಗೆ. ಆಮೇಲೆ ನಂಗೆ. ಕೊನಿಗೆ ಅಪ್ಪಂಗೆ.”

“ಮತ್ತೆ? ಅಷ್ಟೇ. ಮುಚ್ಚಳದ ಮೇಲೆ ನಾ ಚಾಕುವಿನಾಗೆ ಗೀಚಿರೋ ಗೆರೆ ಐತಲ್ಲ, ಅದು ಅಜ್ಜನ ತಂತಿ. ಅಲ್ಲಿಂದ ಎಡಕ್ಕೆ ಸುತ್ತು ಬರ್ತಾ, ನಾ ನೀಡೋ ಸಾಲಿನಾಗೇ ಒಂದೊಂದು ತಂತೀನ ಒಬ್ಬೊಬ್ಬರಿಗೆ ನೀಡ್ಕೊಂತ ಹೋಗು. ಹಿಂದುಮುಂದಾದ್ರೆ ಮನೇಲೂ ಜಗಳ, ಇಲ್ಲೂ ಜಗಳ.”

ನಾವು ಉಣ್ಣುತ್ತಿದ್ದದ್ದು ನಡುಮನೆಯ ಗೋಡೆಗೆ ಬೆನ್ನು ಕೊಟ್ಟು, ಅವ್ವ ಹೇಳಿದ ಸಾಲಿನಲ್ಲೇ. ಅಜ್ಜ ಹಿರಿಯ, ಅವನಿಗೆ ಮೊದಲು. ಮಕ್ಕಳಿಗೆ ಹಸಿವು ತಡೆಯದು, ಆಮೇಲೆ ನಾವು. ಅಪ್ಪನಿಗೆ ರೊಟ್ಟಿ ಹಂಚಿನ ಬಿಸಿಯಲ್ಲೇ ತಟ್ಟೆಗೆ ಬೀಳಬೇಕು; ಎಲ್ಲರಿಗೂ ಬಡಿಸಿ, ಕೊನೆಯ ರೊಟ್ಟಿ ಸುಟ್ಟು, ಅದರ ಮೇಲೆ ಬೆಣ್ಣೆ ಇಟ್ಟು ಅವ್ವ ತರುತ್ತಿದ್ದಳು. ಅದು ಬರುವ ತನಕ ಅಪ್ಪ ಅಜ್ಜನ ಜೊತೆ ಏನಾದರೊಂದು ಕೆದಕುತ್ತ ಕೂತಿರುತ್ತಿದ್ದ. ಅವತ್ತು ಅವರೆಕಾಳಿನ ಸಾರು, ಹುಚ್ಚೆಳ್ಳಿನ ಚಟ್ನಿ. ಸಂಜೆ ನಾಲ್ಕು ಖಾಲಿ ಪೆಟ್ಟಿಗೆಗಳಿಗೆ ಒಂದೊಂದು ಹೆಸರಿಟ್ಟು ಜಗಲಿಯ ಮೇಲೆ ಆಡಿದೆ. ಅಷ್ಟೇ ಆ ಸೋಮವಾರ.

ಮಂಗಳವಾರ ಬೆಳಿಗ್ಗೆ ಅವ್ವ ತಲೆ ಒಡೆಯುತ್ತಿದೆ ಎಂದು ಒಲೆಯ ಮುಂದೆ ಕೂತವಳು ಪಕ್ಕಕ್ಕೆ ವಾಲಿದಳು. ಅಪ್ಪ ಎತ್ತಿಕೊಂಡು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದ. ಹಿಂದಿನ ದಿನ ಅವಳೇ ಹಾಕಿದ ಪ್ಲಗ್ಗುಗಳು. ಕಾರು ಒಂದೇ ಸಲಕ್ಕೆ ಶುರುವಾಯಿತು. ಉಬ್ರಾಣಿಯವರು ಹೇಳಿದ ಹಾಗೆ ಬಂದು, ಬೀದಿಯಲ್ಲಿ ನಿಂತು, ತಮ್ಮ ರುಮಾಲನ್ನೇ ಅವಳ ತಲೆಗೆ ದಿಂಬು ಮಾಡಿ ಕೊಟ್ಟರು. ದಾವಣಗೆರೆಯ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು. ಮಾತಾಡಲಿಲ್ಲ. ವಾಪಸು ಬಂದದ್ದೂ ಅದೇ ಕಾರಿನಲ್ಲಿ.

ಇದನ್ನು ಬರೆಯುತ್ತ ಎಷ್ಟೋ ಸಲ ಎದ್ದು ಹೋಗಿದ್ದೇನೆ. ಹೊಸ್ತಿಲ ತನಕ ಹೋಗುವುದು, ಗೇಟು ಹಾಕಿದೆಯೇ ನೋಡುವುದು, ಹಾಲಿನ ಪಾತ್ರೆ ಮುಟ್ಟಿ ನೋಡುವುದು, ಬಂದು ಕೂರುವುದು. ಈ ವರ್ಷ ಅಣ್ಣ ಹೋದ ಮೇಲೆ ಶುರುವಾದದ್ದು ಇದು. ಆದರೆ ನನಗೆ ಹೊಸದಲ್ಲ. ಅವ್ವ ಹೋದ ಮೇಲಿನ ಆ ದಿನಗಳಲ್ಲೂ ನಾನು ಹೀಗೇ ಇದ್ದೆ. ನಡುಮನೆಯಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಹಿತ್ತಲಿಗೆ. ಒಂದು ಕಡೆ ಕೂತರೆ ಏನೋ ತಪ್ಪಿಹೋಗುತ್ತದೆ ಅನ್ನಿಸುತ್ತಿತ್ತು.

ಜಗಳೂರಿನಿಂದ ಅತ್ತೆ ಬಂದಳು, ಅಪ್ಪನ ಅಕ್ಕ. ಅವಳ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಟ್ಟಿ ದನಿ, ಗಟ್ಟಿ ಕೈ. ಬಂದವಳು ಸೀರೆ ಮೇಲಕ್ಕೆ ಕಟ್ಟಿ ಮನೆಯನ್ನು ತೊಳೆಯಲು ನಿಂತಳು. ದುಃಖ ಬಂದರೆ ಅವಳಿಗೆ ನೀರು ಬೇಕು. ಗೋಡೆ ತೊಳೆದಳು, ಹಾಸಿಗೆ ತೊಳೆದಳು, ಅಟ್ಟದಲ್ಲಿದ್ದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಮುಂದಿನ ಸೋಮವಾರ ಬಂತು. ಇವತ್ತು ಕಾರಿನ ಪ್ಲಗ್ಗು ತೊಳೆಯುವ ದಿನವಲ್ಲವೇ ಎಂದು ಅಜ್ಜ ಬಾಯಿತಪ್ಪಿ ಅಂದ. ಅತ್ತೆ ಅದನ್ನು ಹಾಗೇ ಹಿಡಿದುಕೊಂಡಳು. ಸತ್ತವಳನ್ನು ಹೊತ್ತು ತಂದ ಗಾಡಿ, ಮನೆ ತೊಳೆದ ಹಾಗೆ ಅದನ್ನೂ ತೊಳೆಯಬೇಕು ಅಂದಳು. ಬಾನೆಟ್ ಎತ್ತಿ, ಎತ್ತಿನ ಮೈ ತೊಳೆಯುವ ಹಾಗೆ, ಎಂಜಿನ್ನಿನ ಮೇಲೆ ಬಿಂದಿಗೆಗಟ್ಟಲೆ ನೀರು ಸುರಿದು, ತೆಂಗಿನ ನಾರಿನಿಂದ ಉಜ್ಜಿದಳು.

ಅಪ್ಪ ಓಡಿ ಬಂದ.

“ಅಕ್ಕಾ! ಏನು ಮಾಡಿದೆ ನೀನು?”

“ತೊಳದ್ನೋ ತಮ್ಮ. ಎಷ್ಟು ಎಣ್ಣಿ, ಎಷ್ಟು ಮಸಿ! ನಿನ್ ಹೆಂಡ್ತಿ ವಾರವಾರ ತೊಳೀತಿದ್ಲು ಅಂದ್ರು.”

“ಅವಳು ಹಿಂಗೆ ತೊಳೀತಿರಲಿಲ್ಲ.”

“ಮತ್ತೆ ಹೆಂಗೆ ತೊಳೀತಿದ್ಲು, ಹೇಳು. ಹಂಗೇ ತೊಳೀತೀನಿ.”

ಅಪ್ಪನಿಗೆ ಹೇಳಲು ಗೊತ್ತಿರಲಿಲ್ಲ. ಕಾರು ಶುರುವಾಗಲಿಲ್ಲ. ಸಿಟ್ಟಿನಲ್ಲಿ ಅವನು ತಂತಿಗಳನ್ನೆಲ್ಲ ಎರಡೂ ಕಡೆಯಿಂದ ಕಿತ್ತು, ಪ್ಲಗ್ಗು ಬಿಚ್ಚಿ, ಜಗಲಿಯ ಮೇಲೆ ಬಿಸಿಲಿಗೆ ಹರವಿದ. ಒಣಗಿದ ಮೇಲೆ ಹಾಕಲು ನಿಂತಾಗ ಯಾವುದು ಎಲ್ಲಿಗೆ ಎಂಬ ಪ್ರಶ್ನೆ ಬಂತು. ಅಜ್ಜನ ಗೆರೆ ಅವನಿಗೂ ಗೊತ್ತಿತ್ತು. ಉಳಿದವನ್ನು ಸಾಲಿನಂತೆ, ಒಂದಾದ ಮೇಲೊಂದು ಸಿಕ್ಕಿಸಿದ. ಕೀಲಿ ತಿರುವಿದ. ಸೈಲೆನ್ಸರಿನಿಂದ ಢಂ ಎಂದು ಸದ್ದು ಬಂದು, ಬೇವಿನ ಮರದ ಕಾಗೆಗಳೆಲ್ಲ ಎದ್ದವು.

“ಏನೋ ರುದ್ರಪ್ಪ, ಗರ್ನಾಲು ಹೊಡಿತೀಯೇನೋ?” ಪಕ್ಕದ ಮನೆಯವರು ಗೋಡೆಯಾಚೆಯಿಂದ ಅಪ್ಪನನ್ನು ಕೂಗಿ ಕೇಳಿದರು.

ಆಮೇಲೆ ದಿನಾಲೂ ಇದೇ. ಒಂದು ತಂತಿ ಅಲ್ಲಿಂದ ಇಲ್ಲಿಗೆ, ಇನ್ನೊಂದು ಇಲ್ಲಿಂದ ಅಲ್ಲಿಗೆ. ಒಮ್ಮೆ ಕೆಮ್ಮಿ ನಿಲ್ಲುತ್ತಿತ್ತು, ಒಮ್ಮೆ ಮೈಯೆಲ್ಲ ನಡುಗಿಸಿ ನಿಲ್ಲುತ್ತಿತ್ತು. ಗ್ಯಾರೇಜಿನವರನ್ನು ಕರೆಯುತ್ತೇನೆ ಎಂದು ಅಣ್ಣ ಚಪ್ಪಲಿ ಮೆಟ್ಟಿದ್ದಕ್ಕೆ ಅಪ್ಪ ಗದರಿದ. “ಅವಳು ಕೈಯಾಡಿಸಿದ್ದ ಗಾಡಿ. ಇನ್ನೊಬ್ಬ ಮುಟ್ಟಂಗಿಲ್ಲ.” ಬಾಡಿಗೆ ಕೇಳಿ ಬಂದವರು ಢಂ ಎಂಬ ಸದ್ದು ಕೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಅಪ್ಪ ಶುರುವಾಗದ ಕಾರಿನಲ್ಲಿ ಸ್ಟೇರಿಂಗ್ ಹಿಡಿದು, ಗೋದಲಿಯನ್ನು ನೋಡುತ್ತ ಕೂತಿರುತ್ತಿದ್ದ.

ಊಟದ ಸಾಲಿನಲ್ಲೂ ಅದೇ ಆಗಿತ್ತು. ಅತ್ತೆ ರೊಟ್ಟಿಯನ್ನೆಲ್ಲ ಒಟ್ಟಿಗೆ ಸುಟ್ಟು, ಬುಟ್ಟಿಯಲ್ಲಿ ತಂದು, ಈ ತುದಿಯಿಂದ ಆ ತುದಿಗೆ ನೇರವಾಗಿ ಬಡಿಸುತ್ತಿದ್ದಳು: ಅಜ್ಜ, ಅಪ್ಪ, ಅಣ್ಣ, ನಾನು. ಅಪ್ಪನ ರೊಟ್ಟಿ ಆರಿರುತ್ತಿತ್ತು. ಅರ್ಧ ಮುರಿದು ಎದ್ದುಬಿಡುತ್ತಿದ್ದ. ಅತ್ತೆ ಅಳುತ್ತಿದ್ದಳು. ಅಜ್ಜ ಅವಳಿಗೆ ರೇಗುತ್ತಿದ್ದ.

ನನಗೆ ತಂತಿಯ ಸಾಲು ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಕಾರಣ, ಅತ್ತೆ ಬಂದ ದಿನವೇ ಅಪ್ಪನಿಗೆ ಹೇಳಿದ್ದಳು, ನಾನು ಪಡಸಾಲೆಯ ಕಂಬದ ಹಿಂದೆ ನಿಂತಿದ್ದೆ:

“ಈಶ ಗಂಡುಹುಡುಗ, ಹೆಂಗೋ ಇರ್ತಾನೆ. ಗಿರ್ಜೀನ ನಾ ಕರ್ಕೊಂಡು ಹೋಗ್ತೀನಿ ಜಗಳೂರಿಗೆ. ಮೂರು ಗಂಡಸರ ಮಧ್ಯದಾಗೆ ಆ ಕೂಸು ಒಲೆ ಊದ್ಕೊಂತ ಕುಂತ್ರೆ ನಂಗೆ ನಿದ್ದಿ ಬರಲ್ಲ. ನೀನೇ ಬಂದು ಬಿಟ್ಟು ಹೋಗು, ಬಸ್ಸಿನಾಗೆ ಬ್ಯಾಡ.”

ಅಪ್ಪ ಹೂಂ ಅಂದಿದ್ದ. ಕಾರು ಕೆಟ್ಟ ಮೇಲೆ ಅದೇ ಮಾತು, “ಗಾಡಿ ಸರಿಯಾದ ದಿನ ಹೊಂಡಾಣ” ಎಂದಾಯಿತು. ಕಾರು ಸರಿಯಾದರೆ ನಾನು ಹೋಗಬೇಕು. ಸರಿಯಾಗದಿದ್ದರೆ ಅಪ್ಪ ಆ ಸೀಟಿನಿಂದ ಏಳುವುದಿಲ್ಲ. ಢಂ ಎಂದಾಗಲೆಲ್ಲ ನನಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಅಪ್ಪನಿಗೆ ಮೋಸ ಮಾಡಿದ ಹಾಗೆ. ರಾತ್ರಿ ಹಾಸಿಗೆಯಲ್ಲಿ ಬೆರಳು ಮಡಚುತ್ತಿದ್ದೆ: ಅಜ್ಜ, ಅಣ್ಣ, ನಾನು, ಅಪ್ಪ. ಹಗಲು ಕೊಟ್ಟಿಗೆಯ ಬಾಗಿಲಿನ ತನಕ ಹೋಗಿ ವಾಪಸು ಬರುತ್ತಿದ್ದೆ. ಆ ಮನೆ ಬಿಟ್ಟರೆ ಅವ್ವನನ್ನು ಎರಡನೆಯ ಸಲ ಬಿಟ್ಟ ಹಾಗೆ ಎಂದು ನನಗೆ ಅನ್ನಿಸುತ್ತಿತ್ತು. ಅವಳ ಬಳೆ ತಗುಲಿ ಬಿದ್ದ ಗೀರುಗಳು ಬೀಸುವ ಕಲ್ಲಿನ ಗೂಟದ ಮೇಲಿದ್ದವು. ಅವನ್ನು ಮುಟ್ಟಿಕೊಂಡು ಕೂತಿರುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಅತ್ತೆ ಬುಟ್ಟಿ ಹಿಡಿದು ಬಂದಳು. ಅಜ್ಜನಿಗೆ ಹಾಕಿ ಅಪ್ಪನ ಮುಂದೆ ಬಗ್ಗಿದಳು. ಅಪ್ಪ ತಟ್ಟೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಮುಂದಕ್ಕೆ ನೂಕಿದ. ಜೋರಾಗಿ ನೂಕಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ಮೆಲ್ಲಗೆ ನೂಕಿದ್ದನ್ನು ನೋಡಲು ಆಗಲಿಲ್ಲ. ಎದ್ದು ಅತ್ತೆಯ ಕೈಯಿಂದ ಬುಟ್ಟಿ ತೆಗೆದುಕೊಂಡೆ. ಅಣ್ಣನ ತಟ್ಟೆಗೆ ಹಾಕಿದೆ. ನನ್ನ ತಟ್ಟೆಗೆ ಹಾಕಿದೆ. ಒಳಗೆ ಹೋಗಿ ಒಂದು ರೊಟ್ಟಿಯನ್ನು ಕೆಂಡದ ಮೇಲೆ ಮತ್ತೆ ಬಿಸಿ ಮಾಡಿ, ಬೆರಳು ಸುಟ್ಟುಕೊಂಡು, ಓಡಿ ಬಂದು ಅಪ್ಪನ ತಟ್ಟೆಗೆ ಹಾಕಿದೆ.

ಅಪ್ಪ ರೊಟ್ಟಿ ನೋಡಿದ. ನನ್ನನ್ನು ನೋಡಿದ.

“ಹಿಂಗ್ಯಾಕೆ ನೀಡಿದ್ಯವ್ವಾ, ನನ್ನ ಬಿಟ್ಟು?”

“ಅವ್ವ ಹಿಂಗೇ ನೀಡ್ತಿದ್ಲು.” ಅಣ್ಣ ನನ್ನ ಲಂಗದ ಅಂಚು ಹಿಡಿದು ಎಳೆದ. ಅಷ್ಟರಲ್ಲಿ ಉಳಿದದ್ದೂ ಬಾಯಿಂದ ಬಂದುಹೋಗಿತ್ತು. “ತಂತೀನೂ ಹಿಂಗೇ ಹಾಕ್ತಿದ್ಲು. ಗೆರೆಯಿಂದ ಎಡಕ್ಕೆ. ಅಜ್ಜ, ಅಣ್ಣ, ನಾನು, ಆಮೇಲೆ ನೀನು.”

ಅಪ್ಪ ರೊಟ್ಟಿ ಮುಟ್ಟದೆಯೇ ಎದ್ದ. “ಉಂಡು ಹೋಗೋ,” ಎಂದು ಅಜ್ಜ ಕೂಗಿದ. ಯಾರೂ ಉಣ್ಣಲಿಲ್ಲ. ಕೊಟ್ಟಿಗೆಯಿಂದ ಟಕ್ ಟಕ್ ಎಂದು ತಂತಿ ಕೂರಿಸುವ ಸದ್ದು ಕೇಳಿಸಿತು. ಆಮೇಲೆ ಕೀಲಿ. ಕಾರು ಕೆಮ್ಮಲಿಲ್ಲ, ಢಂ ಅನ್ನಲಿಲ್ಲ. ಶುರುವಾಗಿ, ಹಾಗೇ ನಿಂತಲ್ಲೇ ಓಡುತ್ತ ಇತ್ತು. ನಡುಮನೆಯ ಗೂಡಿನಲ್ಲಿದ್ದ ಲೋಟಗಳು ಸಣ್ಣಗೆ ನಡುಗಿದವು. ಅಪ್ಪ ಬಹಳ ಹೊತ್ತು ಅದನ್ನು ನಿಲ್ಲಿಸಲಿಲ್ಲ. ಒಳಗೆ ಬಂದಾಗ ಮುಖ ತೊಳೆದುಕೊಂಡಿದ್ದ. ಆರಿದ ರೊಟ್ಟಿಯನ್ನೇ ಕೂತು ತಿಂದ.

“ಹಂಗಾದ್ರೆ ನಾಳೆ ಹೊಂಟುಬಿಡಾಣ,” ಅಂದಳು ಅತ್ತೆ.

ಅಜ್ಜ ತಲೆಯೆತ್ತಲಿಲ್ಲ. “ನಾಳೆ ಸೋಮಾರ. ಹೂಡಂಗಿಲ್ಲ.”

“ಮಂಗಳವಾರ?”

“ಮಂಗಳವಾರ ಯಾರಾದ್ರೂ ಹೆಣ್ಣುಮಕ್ಕಳನ್ನ ಕಳಿಸ್ತಾರಾ?”

“ಹಿಂಗೇ ಒಂದೊಂದು ವಾರಕ್ಕೂ ಒಂದೊಂದು ಹೇಳ್ತಾ ಹೋಗಪ್ಪ ನೀನು. ವಾರ ಇರೋದೇ ಏಳು.”

“ಬುಧವಾರಕ್ಕೆ ಇನ್ನೂ ಯೋಚನೆ ಮಾಡಿಲ್ಲ,” ಅಂದ ಅಜ್ಜ. ಅವ್ವ ಹೋದ ಮೇಲೆ ಅತ್ತೆ ಮೊದಲ ಸಲ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬುಧವಾರಕ್ಕೆ ಏನೂ ಸಿಗಲಿಲ್ಲ.

ಮರುದಿನ ಸೋಮವಾರ ಅಪ್ಪ ತಾನೇ ಟಾರ್ಚು ಹಿಡಿದು ನಸುಕಿನಲ್ಲಿ ನನ್ನನ್ನು ಎಬ್ಬಿಸಿದ. ಪ್ಲಗ್ಗು ಬಿಚ್ಚುವುದನ್ನು ತೋರಿಸು ಅಂದ. ಟೋಪಿ ಹಿಡಿದು ಎಳೆಯಬೇಕು ಅಂದೆ. ಮೊದಲು ಬೆರಳಿನಲ್ಲಿ ತಿರುವಬೇಕು ಅಂದೆ. ಅವನು ಹಾಗೇ ಮಾಡಿದ. ಒರೆಸಲು ಏನೂ ಇರಲಿಲ್ಲ, ಆದರೂ ಒರೆಸಿದೆವು. ಅಣ್ಣ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲಿಲ್ಲ. ಬುಧವಾರ ನಾನು ಹೊರಡುವ ತನಕ ಅವನು ನನ್ನ ಜೊತೆ ಮಾತಾಡಲಿಲ್ಲ. ಅವ್ವ ಹೋದ ದುಃಖ ಎಂದುಕೊಂಡೆ.

ದಾವಣಗೆರೆ ದಾಟಿದ ಮೇಲೆ ಗದ್ದೆ ತೋಟ ಮುಗಿದು ಬಯಲು ಶುರುವಾಯಿತು. ಬಿಳಿಚೋಡಿನ ಹತ್ತಿರ ಕುರಿಹಿಂಡೊಂದು ರಸ್ತೆಗೆ ಅಡ್ಡ ಬಂತು. ಅಪ್ಪ ಕಾರು ನಿಲ್ಲಿಸಿದ, ಎಂಜಿನ್ ನಿಲ್ಲಿಸಲಿಲ್ಲ. ಹಿಂದಿನ ಸೀಟಿನಲ್ಲಿ ಅತ್ತೆ ನಿದ್ದೆ ಹೋಗಿದ್ದಳು. ಕುರಿಗಳು ಎರಡೂ ಬದಿಯಿಂದ ಕಾರಿಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದವು.

“ಕೇಳ್ತೈತಾ?” ಅಂದ ಅಪ್ಪ. “ನಾಕೂ ಉಣ್ತಾ ಅದಾವೆ.”

ನಾನು ಕೇಳಿಸಿಕೊಂಡೆ.

ಜಗಳೂರಿನಲ್ಲಿ ನಾನು ಮದುವೆಯಾಗುವ ತನಕ ಇದ್ದೆ. ಅಪ್ಪ ಬಾಡಿಗೆಯ ನೆಪ ಮಾಡಿಕೊಂಡು ಬರುತ್ತಿದ್ದ. ಸೋಮವಾರ ಮಾತ್ರ ಬರುತ್ತಿರಲಿಲ್ಲ. ಅತ್ತೆ ನನ್ನನ್ನು ಚೆನ್ನಾಗಿ ನೋಡಿಕೊಂಡಳು. ಮೊದಲ ದಿನ ಆದ ಒಂದು ಸಂಗತಿ ಮಾತ್ರ ನನಗೆ ಮರೆತಿಲ್ಲ. ಅವಳು ಜೋಳದ ರೊಟ್ಟಿ, ಪಲ್ಯ ನನಗೆ ಹಾಕಿ, ತನಗೂ ಒಂದು ತಟ್ಟೆ ಇಟ್ಟುಕೊಂಡು, ನನ್ನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು ಉಂಡಳು. ನಾನು ಉಣ್ಣುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ. “ಏನೇ, ನನ್ ಬಾಯಿ ನೋಡ್ತೀಯ?” ಅಂದಳು. ಯಾಕೆ ನೋಡುತ್ತಿದ್ದೆ ಎಂದು ಅವತ್ತು ನನಗೂ ಗೊತ್ತಾಗಲಿಲ್ಲ.

ಈಗ ನಾನಿರುವುದು ಹೊನ್ನಾಳಿಯಲ್ಲಿ. ಅಜ್ಜ, ಅಪ್ಪ, ಅತ್ತೆ ಒಬ್ಬೊಬ್ಬರಾಗಿ ಹೋದರು. ಅಣ್ಣ ಅಪ್ಪನ ಹಾಗೆಯೇ ಕಾರು ಓಡಿಸಿಕೊಂಡು ಚನ್ನಗಿರಿಯಲ್ಲೇ ಇದ್ದ. ಕಾರುಗಳು ಬದಲಾದವು, ಆದರೆ ಪ್ಲಗ್ಗು ಬದಲಿಸುವುದನ್ನು ಅವನು ಗ್ಯಾರೇಜಿಗೆ ಬಿಡುತ್ತಿರಲಿಲ್ಲ. ನನ್ನ ಅಂಗಳಕ್ಕೆ ತಂದು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡುತ್ತಿದ್ದ. ಕೆಲವು ವರ್ಷಗಳ ಹಿಂದೆ ಹಾಗೆ ಬಗ್ಗಿಕೊಂಡಿದ್ದಾಗ, ತಲೆ ಎತ್ತದೆಯೇ ಅಂದ:

“ನಂಗೂ ಗೊತ್ತಿತ್ತು ಕಣೇ ಗಿರ್ಜಿ, ಆ ತಂತಿ ಸಾಲು. ನಂಗೂ ಹೇಳಿಕೊಟ್ಟಿದ್ಲು ಅವ್ವ.”

“ಮತ್ತೆ ಯಾಕೆ ಸುಮ್ನಿದ್ದೆ?”

“ಹೇಳಿದ್ರೆ ನೀನು ಹೋಗ್ತಿದ್ಯಲ್ಲ.”

“ನಾನೇ ಹೇಳಿಬಿಟ್ನಲ್ಲೋ.”

“ಅದಕ್ಕೇ ನಿನ್ ಜೊತೆ ಮಾತು ಬಿಟ್ಟಿದ್ದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ ನೋಡು. ಆ ಪಾನಾ ಕೊಡು ಇಲ್ಲಿ.”

ನಾನು ಪಾನಾ ಕೊಟ್ಟೆ. ನಕ್ಕೆವು. ಚಾ ಕುಡಿದೆವು. ಅವತ್ತೇ ಇನ್ನೂ ಕೆಲವು ಮಾತು ಕೇಳಬಹುದಿತ್ತು. ಇದ್ದಾನಲ್ಲ, ಕೇಳಿದರಾಯಿತು ಅಂದುಕೊಂಡೆ.

ಅವನು ಹೋದ ಮೇಲೆ ಅತ್ತಿಗೆ ಕಾರನ್ನು ನನ್ನ ಅಂಗಳದಲ್ಲಿ ನಿಲ್ಲಿಸಿ ಹೋಗಿದ್ದಾಳೆ. ಮನೆಯಲ್ಲಿ ಕೂರಲಾಗದೆ ಹೋದ ಸೋಮವಾರ ಬೆಳಿಗ್ಗೆ ಅದರ ಬಾನೆಟ್ ಎತ್ತಿದೆ. ಅವನು ತಂದಿಟ್ಟಿದ್ದ ಹೊಸ ಪ್ಲಗ್ಗುಗಳು ಡಿಕ್ಕಿಯಲ್ಲೇ ಇದ್ದವು. ಈಗಿನ ಕಾರುಗಳಲ್ಲಿ ಆ ಗುಂಡಗಿನ ಮುಚ್ಚಳವಿಲ್ಲ, ಉದ್ದನೆಯ ತಂತಿಗಳಿಲ್ಲ. ಪ್ರತಿ ಪ್ಲಗ್ಗಿನ ತಲೆಯ ಮೇಲೂ ಕಿಡಿ ಹುಟ್ಟಿಸುವ ಅದರದೇ ಒಂದು ಕಾಯಿಲ್ ಕೂತಿರುತ್ತದೆ. ಸಾಲು ತಪ್ಪುವ ಮಾತೇ ಇಲ್ಲ, ಯಾರೂ ಏನನ್ನೂ ನೆನಪಿಡಬೇಕಾಗಿಲ್ಲ. ಆದರೂ ನಾನು ಮೊದಲು ಒಂದನೆಯದನ್ನು ಹಾಕಿದೆ. ಬೆರಳಲ್ಲಿ ತಿರುವಿ, ಆಮೇಲೆ ಪಾನಾ. ಅದಾದ ಮೇಲೆ ಮೂರನೆಯದು. ಆಮೇಲೆ ನಾಲ್ಕನೆಯದು. ಕೊನೆಗೆ ಎರಡನೆಯದು, ಅಪ್ಪನದು. ಕಾರು ಶುರುವಾಯಿತು. ಅಂಗಳದಲ್ಲಿ ನಿಂತು ಕೇಳಿದೆ, ನಾಲ್ಕೂ ಉಣ್ಣುತ್ತಿದ್ದವು.

ಎಲ್ಲರಿಗೂ ನೀಡಿ ಆದ ಮೇಲೆ ಅವ್ವ ಎಲ್ಲಿ ಕೂತು ಉಣ್ಣುತ್ತಿದ್ದಳು ಎಂದು ಆಗ ನೆನೆಸಿಕೊಳ್ಳಲು ಹೋದೆ. ಒಲೆಯ ಮುಂದೆಯೋ, ಹಿತ್ತಲ ಬಾಗಿಲಲ್ಲೋ, ಅವಳದು ಎಂದು ಬೇರೆ ತಟ್ಟೆ ಇತ್ತೋ, ಇಲ್ಲ ನಮ್ಮಲ್ಲೊಬ್ಬರ ತಟ್ಟೆಯಲ್ಲೇ ಹಾಕಿಕೊಳ್ಳುತ್ತಿದ್ದಳೋ. ಆ ಸಾಲಿನ ನಾಲ್ಕು ಜನರಲ್ಲಿ ಈಗ ಉಳಿದವಳು ನಾನೊಬ್ಬಳು. ಕೇಳೋಣವೆಂದರೆ ಅಣ್ಣ ಇಲ್ಲ. ಅವ್ವ ಉಣ್ಣುವುದನ್ನು ನೋಡಿದ ಒಂದು ನೆನಪೂ ನನ್ನ ಹತ್ತಿರ ಇಲ್ಲ.